ಯಾವ ಬಿಯರ್ ರುಚಿ, ಯಾವ ಏಲ್ ರುಚಿ: ಪದೇ ಪದೇ ಕೇಳೋ ಪ್ರಶ್ನೆಗಳು

ಸುತ್ತಿ ಬಳಸಿ ಬೇಡ, ನಿಮ್ಮ ಪ್ರಕಾರ ಎಲ್ಲಕ್ಕಿಂತ ರುಚಿಯಾದ ಬಿಯರ್ ಯಾವ್ದು?

ಲಾಗರ್‌ನಲ್ಲಿ ಪಿಲ್ಸ್ನರ್ ಉರ್ಕ್ವೆಲ್, ಏಲ್‌ನಲ್ಲಿ ಓರ್ವಾಲ್. ಮೂರನೇದು ಒಂದು ಹೇಳ್ಲೇಬೇಕು ಅಂದ್ರೆ ಇಂಗ್ಲೆಂಡಿನ ಕ್ಯಾಸ್ಕ್ ಬಿಟರ್ (ಪೀಪಾಯಿಯಿಂದಲೇ ಕೊಡೋ ಕಹಿ ಏಲ್), ಅದೂ ಪೀಪಾಯಿ ಆಗಷ್ಟೇ ತೆಗೆದಿದ್ರೆ ಮಾತ್ರ. ಈ ಮೂರನ್ನೂ ನಾನು ಆರಿಸೋಕೆ ಕಾರಣ ಒಂದೇ, ಮೊದಲನೇ ಗುಟುಕಿಗಿಂತ ಗ್ಲಾಸಿನ ಕೊನೇ ಗುಟುಕು ಇನ್ನೂ ಚೆನ್ನಾಗಿರುತ್ತೆ. ಮೊದಲನೇ ಗುಟುಕಲ್ಲೇ ವಾವ್ ಅನ್ನಿಸೋ ಬಿಯರ್‌ಗಳು ಈಗ ಸಿಕ್ಕಾಪಟ್ಟೆ ಇವೆ, ಅರ್ಧ ಗ್ಲಾಸ್ ಆಗೋ ಹೊತ್ತಿಗೆ ನಾಲಿಗೆ ಸುಸ್ತಾಗಿ ಸಾಕಪ್ಪ ಅನ್ಸುತ್ತೆ, ಅಂಥಾವನ್ನ ನಾನು ಒಳ್ಳೇ ಬಿಯರ್ ಅಂತ ಒಪ್ಪಲ್ಲ. ಸಿಹಿ, ಕಹಿ, ಘಮ ಮೂರೂ ಒಂದನ್ನೊಂದು ಮೀರದೆ ನಿಲ್ಲಬೇಕು, ಮತ್ತೆ ಬಿಯರ್ ಫ್ರೆಶ್ ಆಗಿರಬೇಕು. ಕೆಳಗಿನ ಉತ್ತರಗಳೆಲ್ಲಾ ಈ ಅಳತೆ ಮೇಲೇ ಇವೆ.

ಬಿಯರ್ ಬೇರೆ, ಏಲ್ ಬೇರೆನಾ?

ಇಲ್ಲ, ಏಲ್ ಕೂಡ ಬಿಯರ್ರೇ. ಬಿಯರ್ ಅನ್ನೋ ದೊಡ್ಡ ಕುಟುಂಬದಲ್ಲಿ ಏಲ್, ಲಾಗರ್ ಅಂತ ಎರಡು ಮುಖ್ಯ ಕವಲು, ವ್ಯತ್ಯಾಸ ಇರೋದು ಯೀಸ್ಟಲ್ಲಿ. ಏಲ್ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಕೆಲಸ ಮಾಡುತ್ತೆ, ಹಾಗೆ ಮಾಡ್ತಾ ಹಣ್ಣಿನ ಘಮ ಕೊಡೋ ಎಸ್ಟರ್‌ಗಳನ್ನ ಬಿಡುತ್ತೆ. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯಲ್ಲಿ ನಿಧಾನಕ್ಕೆ ಹುದುಗಿಸುತ್ತೆ, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಡ್ತಾರೆ, ಅದಕ್ಕೇ ಲಾಗರ್ ಕ್ಲೀನಾಗಿರೋದು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಕಾಳು) ಮತ್ತೆ ಹಾಪ್ಸ್ (ಕಹಿ, ಘಮ ಕೊಡೋ ಒಂದು ಬಳ್ಳಿಯ ಹೂವು) ಬಿಟ್ಟು ಬೇರೇನೂ ಎದ್ದು ಕಾಣಲ್ಲ. ಈ ಲಾಗರ್ ಯೀಸ್ಟ್ ಅನ್ನೋದು ಒಂದು ಹೈಬ್ರಿಡ್, ಏಲ್ ಯೀಸ್ಟ್ ಒಂದು ಕಡೆ, ಚಳಿ ತಡೆಯೋ ಒಂದು ಕಾಡು ಯೀಸ್ಟ್ ಇನ್ನೊಂದು ಕಡೆ. ಆ ಕಾಡು ಯೀಸ್ಟ್ ಯಾವ್ದು ಅಂತ 2011ರಲ್ಲಿ ಪ್ಯಾಟಗೋನಿಯಾದ ಬೀಚ್ ಮರಗಳ ಮೇಲೆ ಸಿಕ್ಕಿದ್ಮೇಲೇ ಗೊತ್ತಾಗಿದ್ದು.

ಬಣ್ಣ ನೋಡಿ ಏಲಾ ಲಾಗರಾ ಅಂತ ಹೇಳೋಕೆ ಹೋಗ್ಬೇಡಿ. ಜರ್ಮನಿಯ ಶ್ವಾರ್ಟ್ಸ್‌ಬಿಯರ್ ಕಪ್ಪಗಿದ್ರೂ ಲಾಗರ್, ಬೆಲ್ಜಿಯಂನ ಡುವೆಲ್ ಒಣಹುಲ್ಲಿನ ಬಣ್ಣ ಇದ್ರೂ ಏಲ್.

ಲಾಗರ್ ಅಂದ್ರೆ ಎಲ್ಲಾ ಒಂದೇ ಥರ ಅಲ್ವಾ, ಪಿಲ್ಸ್ನರ್ ಉರ್ಕ್ವೆಲ್‌ನಲ್ಲಿ ಅಂಥಾದ್ದೇನಿದೆ?

ಲಾಗರ್ ಎಲ್ಲಾ ಒಂದೇ ಅಂತ ಅನ್ಸೋದು, ಮಾಮೂಲಿಯಾಗಿ ಸಿಗೋ ತೆಳು ಲಾಗರ್‌ಗಳನ್ನ ಐಸ್ ಥರ ತಣ್ಣಗೆ ಮಾಡಿ ಕುಡಿದಾಗ. ಮೂಲಕ್ಕೆ ಹೋಗಿ ನೋಡಿ. ಬೊಹೀಮಿಯಾದ, ಅಂದ್ರೆ ಈಗಿನ ಚೆಕ್ ದೇಶದ, ಪಿಲ್ಸೆನ್ ಊರಲ್ಲಿ ಬಿಯರ್ ಎಷ್ಟು ಹದಗೆಟ್ಟಿತ್ತು ಅಂದ್ರೆ 1838ರಲ್ಲಿ ಜನ ಪೀಪಾಯಿಗಟ್ಟಲೆ ಬಿಯರನ್ನ ಟೌನ್‌ಹಾಲ್ ಮುಂದೆ ಚೆಲ್ಲಿದ್ರು, ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನೋ ಬ್ರೂವರ್‌ನ ಕರೆಸಿದ್ರು, 1842ರಲ್ಲಿ ಅವನು ಮಾಡಿದ ಬಂಗಾರದ ಬಣ್ಣದ ಲಾಗರೇ ಇವತ್ತಿನ ಎಲ್ಲಾ ಪಿಲ್ಸ್ನರ್‌ಗಳ ಮೂಲ. ಅಲ್ಲಿನ ನೀರು ತುಂಬಾ ಮೆದು, ಲವಣ ಕಮ್ಮಿ, ಅದಕ್ಕೇ ಹಾಪ್ಸ್ ಜಾಸ್ತಿ ಹಾಕಿದ್ರೂ ಕಹಿ ಗಂಟಲಿಗೆ ಕೆರೆಯಲ್ಲ. ಹಾಪ್ಸು ಸಾಟ್ಸ್, ಅದರ ಘಮದಲ್ಲಿ ಹಸಿ ಹುಲ್ಲು, ಸ್ವಲ್ಪ ಮೆಣಸು, ಸ್ವಲ್ಪ ಹೂವು ಇರುತ್ತೆ.

ಆಲ್ಕೋಹಾಲ್ ಬರೀ 4.4%, ಆದ್ರೆ ಕಹಿ 40 ಐಬಿಯು (ಬಿಯರ್ ಕಹಿ ಅಳೆಯೋ ಮಾನ) ಹತ್ತಿರ, ಅಂದ್ರೆ ಬೇರೆ ದೊಡ್ಡ ಬ್ರ್ಯಾಂಡ್‌ಗಳ ಲಾಗರ್‌ಗಿಂತ ಎರಡು ಮೂರು ಪಟ್ಟು. ಅಷ್ಟು ಕಹೀನ ಹೊರೋಕೆ ಮಾಲ್ಟ್ ಬೇಕಲ್ಲಾ, ಅದಕ್ಕೇ ಮಾಲ್ಟ್ ಗಂಜಿಯ ಒಂದು ಭಾಗ ತೆಗೆದು ಬೇರೆ ಕುದಿಸಿ ಮತ್ತೆ ಸೇರಿಸ್ತಾರೆ, ಹೀಗೆ ಮೂರು ಸಲ. ಬ್ರೆಡ್ಡಿನ ಸುಟ್ಟ ಅಂಚಿನ ಥರದ ರುಚಿ ಬರೋದು ಅಲ್ಲಿಂದ. ಸರಿಯಾಗಿ ಹಾಕಿದ ಗ್ಲಾಸ್‌ನ ಗಮನ ಇಟ್ಟು ನೋಡಿ: ಮೇಲೆ ಮೂರು ಬೆರಳಷ್ಟು ಒದ್ದೆ ನೊರೆ, ಗುಳ್ಳೆ ಕಣ್ಣಿಗೆ ಕಾಣದಷ್ಟು ಸಣ್ಣ, ಕುಡೀತಾ ಹೋದಂಗೆ ಪ್ರತಿ ಗುಟುಕಿಗೂ ಗ್ಲಾಸಿನ ಒಳಗೆ ಒಂದೊಂದು ಉಂಗುರ ಅಂಟ್ಕೊಳ್ಳುತ್ತೆ. ಮೊದ್ಲು ತುಟಿಗೆ ಆ ನೊರೆಯ ಕಹಿ ತಾಗುತ್ತೆ, ಹಿಂದೆಯೇ ಮಾಲ್ಟಿನ ಸಿಹಿ ಬರುತ್ತೆ, ನುಂಗಿದ್ಮೇಲೆ ಕಹಿ ಮತ್ತೆ ವಾಪಸ್ ಬಂದು ನಾಲಿಗೆನ ಒಣಗಿಸಿ ಇನ್ನೊಂದು ಗುಟುಕು ಕೇಳುತ್ತೆ. ಬುಡೆಯೊವಿಟ್ಸೆ ಊರಿನ ಬುಡ್ವಾರ್ ಕೂಡ ಇದೇ ಸಾಟ್ಸ್ ಹಾಪ್ಸಿಂದು, 5%, ಸ್ವಲ್ಪ ಸಿಹಿ ಕಡೆ, ಕಹಿ ಅಷ್ಟಾಗಿ ಒಗ್ಗದೇ ಇರೋರಿಗೆ ಅದೂ ಚೆನ್ನಾಗಿರುತ್ತೆ.

ಓರ್ವಾಲ್ ಯಾಕೆ ಅಷ್ಟು ಇಷ್ಟ? ವಿಚಿತ್ರ ವಾಸನೆ ಅಂತ ಕೆಲವರು ಹೇಳ್ತಾರಲ್ಲ?

ಹೌದು, ವಾಸನೆ ಬೇರೆ ಥರಾನೇ ಇರುತ್ತೆ, ನಂಗೆ ಹಿಡಿಸಿದ್ದೂ ಅದೇ. ಓರ್ವಾಲ್ ಬೆಲ್ಜಿಯಂನ ದಕ್ಷಿಣದಲ್ಲಿ ಫ್ರಾನ್ಸ್ ಗಡಿ ಹತ್ತಿರ ಇರೋ ಟ್ರಾಪಿಸ್ಟ್ ಅನ್ನೋ ಕ್ರೈಸ್ತ ಸನ್ಯಾಸಿಗಳ ಮಠ, ಬ್ರೂವರಿ ಶುರುವಾಗಿದ್ದು 1931ರಲ್ಲಿ, ಪಾಳು ಬಿದ್ದಿದ್ದ ಮಠವನ್ನ ಮತ್ತೆ ಕಟ್ಟೋಕೆ ದುಡ್ಡು ಬೇಕಿತ್ತು. 6.2% ಆಲ್ಕೋಹಾಲ್. ಹುದುಗಿದ್ಮೇಲೆ ಮತ್ತೆ ಹಾಪ್ಸ್ ಹಾಕ್ತಾರೆ, ಬಾಟ್ಲಿಗೆ ತುಂಬೋವಾಗ ಬ್ರೆಟ್ಟನೋಮೈಸಿಸ್ ಅನ್ನೋ ಕಾಡು ಯೀಸ್ಟ್ ಸೇರುತ್ತೆ, ಅದು ಬಾಟ್ಲಿ ಒಳಗೇ ತಿಂಗಳುಗಟ್ಟಲೆ ಉಳಿದ ಸಕ್ಕರೇನ ತಿನ್ತಾ ಇರುತ್ತೆ. ಹಂಗಾಗಿ ಒಂದೇ ಬಿಯರ್ ಬೇರೆ ಬೇರೆ ವಯಸ್ಸಲ್ಲಿ ಬೇರೆ ಬೇರೆ. ಹೊಸದಾಗಿದ್ರೆ ಕಿತ್ತಳೆ ಸಿಪ್ಪೆ, ಹಾಪ್ಸ್, ಚುರುಕು ಕಹಿ. ಆರು ತಿಂಗಳು ಆದ್ಮೇಲೆ ಹಾಪ್ಸ್ ಹಿಂದೆ ಸರಿದು ಚರ್ಮ, ಒಣಹುಲ್ಲು, ಸ್ವಲ್ಪ ಮಣ್ಣಿನ ಘಮ ಬರುತ್ತೆ, ಸಿಹಿ ಪೂರ್ತಿ ಹೋಗಿ ಕಡ್ಡಿ ಥರ ಒಣಗಿರುತ್ತೆ. ಬಾಟ್ಲಿ ಮೇಲೆ ತುಂಬಿದ ತಾರೀಖು ಇರುತ್ತೆ, ನೋಡಿ ತಗೊಳ್ಳಿ. ನಂಗೆ ಆರೇಳು ತಿಂಗಳ ಓರ್ವಾಲ್ ಅಚ್ಚುಮೆಚ್ಚು, ಆಗ ಕಹಿ ಮತ್ತೆ ಕಾಡು ಯೀಸ್ಟ್ ಎರಡೂ ಸಮಕ್ಕೆ ಇರ್ತಾವೆ.

ಹಾಕೋವಾಗ ಬಾಟ್ಲಿನ ಒಂದೇ ಸಲ ನಿಧಾನಕ್ಕೆ ಬಗ್ಗಿಸಿ, ತಳದ ಗಸಿ ಬಾಟ್ಲಿಲೇ ಉಳಿಸಿ. ನೊರೆ ಜೋರಾಗಿ ಏಳುತ್ತೆ, ಅಗಲ ಬಾಯಿಯ ಗ್ಲಾಸ್ ಬೇಕು.

ಬೆಲ್ಜಿಯಂದು ಬೇರೆ ಯಾವ್ದು ಕುಡಿಬೇಕು? ವೆಸ್ಟ್‌ಫ್ಲೆಟೆರೆನ್ 12 ನಿಜವಾಗ್ಲೂ ಜಗತ್ತಿಗೇ ಬೆಸ್ಟಾ?

ಒಳ್ಳೇದು, ತುಂಬಾ ಒಳ್ಳೇದು, ಆದ್ರೆ ಜಗತ್ತಿಗೇ ಬೆಸ್ಟ್ ಅನ್ನೋ ಹೆಸರಲ್ಲಿ ಅರ್ಧ ಅದು ಸುಲಭಕ್ಕೆ ಸಿಗಲ್ಲ ಅನ್ನೋದ್ರಿಂದ ಬಂದಿದ್ದು ಅಂತ ನನ್ನ ಅಭಿಪ್ರಾಯ, ಅದನ್ನ ಮಾಡೋ ಮಠದವರು ತಮಗೆ ಬೇಕಾದಷ್ಟೇ ಮಾಡಿ ಮಾರ್ತಾರೆ. ಅದೇ ದಾರಿಯ ಕಡು ಕಂದು ಬಿಯರ್ ಬೇಕು ಅಂದ್ರೆ ರೋಶ್‌ಫೋರ್ ತಗೊಳ್ಳಿ. ಎಲ್ಲರೂ 10 ನಂಬರಿಂದನ್ನೇ ಹೊಗಳ್ತಾರೆ, ಅದು 11.3%, ಒಣದ್ರಾಕ್ಷಿ, ಅಂಜೂರ, ಚಾಕೊಲೇಟ್ ಎಲ್ಲಾ ಒಟ್ಟಿಗೆ ಬರುತ್ತೆ. ನಂಗೆ ಮಾತ್ರ 9.2% ಇರೋ 8 ನಂಬರಿಂದೇ ಇಷ್ಟ, ಹಣ್ಣಿನ ರುಚಿ ಅಷ್ಟೇ ಇದೆ, ಭಾರ ಕಮ್ಮಿ. ವೆಸ್ಟ್‌ಮಾಲ್ ಟ್ರಿಪೆಲ್ 9.5% ಇದ್ರೂ ಅಷ್ಟು ಆಲ್ಕೋಹಾಲ್ ಇದೆ ಅಂತ ನಾಲಿಗೆಗೆ ಗೊತ್ತೇ ಆಗಲ್ಲ, ಹುಷಾರಾಗಿ ನಿಧಾನಕ್ಕೆ ಕುಡೀರಿ. ಡುವೆಲ್ 8.5%, ಅದೂ ಹಾಗೇ.

ಆದ್ರೆ ಬೆಲ್ಜಿಯಂ ಪೈಕಿ ಓರ್ವಾಲ್ ಬಿಟ್ರೆ ನಾನು ಮೊದ್ಲು ಕೈ ಹಾಕೋದು ಸೇಝಾನ್ ಡ್ಯುಪೋಂಗೆ. 6.5%, ಒಣಗಿದ್ದು, ಮೆಣಸಿನ ಖಾರದ ಥರದ ಯೀಸ್ಟ್ ಘಮ, ಗುಳ್ಳೆ ಜೋರು. ಈ ಯೀಸ್ಟ್ 30 ಡಿಗ್ರಿ ಆಸುಪಾಸಿನ ಶಾಖದಲ್ಲಿ ಹುದುಗುತ್ತೆ, ಬೇರೆ ಯೀಸ್ಟಾಗಿದ್ರೆ ಆ ಶಾಖಕ್ಕೆ ಬಿಯರ್ ಕೆಟ್ಟ ವಾಸನೆ ಬರ್ತಿತ್ತು.

ನಂಗೆ ಕಹಿ ಆಗಲ್ಲ, ಎಲ್ಲಿಂದ ಶುರು ಮಾಡ್ಲಿ?

ಬವೇರಿಯಾದ ಹೆಫೆವೈಸನ್‌ನಿಂದ. ಕನಿಷ್ಠ ಅರ್ಧ ಭಾಗ ಗೋಧಿ ಮಾಲ್ಟ್, ಕಹಿ 10ರಿಂದ 15 ಐಬಿಯು ಅಷ್ಟೇ. ಬಾಳೆಹಣ್ಣು ಮತ್ತೆ ಲವಂಗದ ಘಮ ಬರುತ್ತೆ, ಹಂಗಂತ ಅದಕ್ಕೆ ಹಣ್ಣನ್ನೂ ಹಾಕಿಲ್ಲ ಲವಂಗಾನೂ ಹಾಕಿಲ್ಲ, ಎರಡೂ ಯೀಸ್ಟೇ ಮಾಡಿದ್ದು. ಬಾಳೆಹಣ್ಣಿನ ಘಮಕ್ಕೆ ಐಸೋಅಮೈಲ್ ಅಸಿಟೇಟ್ ಕಾರಣ, ಮಾಗಿದ ಬಾಳೆಹಣ್ಣಲ್ಲೂ ಇರೋದು ಅದೇ. ವೈಹೆನ್‌ಶ್ಟೆಫಾನರ್ ಬಾಳೆಹಣ್ಣಿನ ಕಡೆ ವಾಲುತ್ತೆ, 1872ರಿಂದ ಗೋಧಿ ಬಿಯರ್ ಮಾಡ್ತಿರೋ ಶ್ನೈಡರ್ ವೈಸೆದು ಲವಂಗದ ಕಡೆ, ಬಣ್ಣಾನೂ ಕೆಂಪು ಕಂದು. ನನ್ನ ಓಟು ಶ್ನೈಡರ್‌ಗೆ, ಆದ್ರೆ ಹೊಸಬರಿಗೆ ವೈಹೆನ್‌ಶ್ಟೆಫಾನರ್ ಬೇಗ ಹಿಡಿಸುತ್ತೆ.

ಎತ್ತರದ ಗ್ಲಾಸ್‌ನ ನೀರಲ್ಲಿ ತೊಳೆದು, ಬಗ್ಗಿಸಿ ಹಿಡ್ಕೊಂಡು ಬಿಯರ್ ಗೋಡೆ ಮೇಲೆ ಜಾರೋ ಹಾಗೆ ಹಾಕಿ. ಬಾಟ್ಲಿಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಬಾಟ್ಲಿನ ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಕರಗಿಸಿ ಅದನ್ನೂ ಮೇಲೆ ಸುರೀರಿ. ಓರ್ವಾಲ್‌ನಲ್ಲಿ ಗಸಿ ಬಿಡಬೇಕು, ಇಲ್ಲಿ ಗಸಿ ಬಿಟ್ರೆ ಅರ್ಧ ರುಚಿ ಬಿಟ್ಟ ಹಾಗೆ.

ಐಪಿಎ ಬಗ್ಗೆ ಏನಂತೀರಾ?

ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಜೋರಾಗಿ ಹಾಕಿದ ಏಲ್. ಚೆನ್ನಾಗಿರೋದು ತುಂಬಾ ಚೆನ್ನಾಗಿರುತ್ತೆ, ಆದ್ರೆ ಬಿಯರ್‌ಗಳಲ್ಲೆಲ್ಲಾ ಬೇಗ ಹಾಳಾಗೋದೂ ಇದೇ. ಇವತ್ತು ನಾವು ಕುಡಿಯೋ ಕಿತ್ತಳೆ, ಚಕೋತ, ಪೈನ್ ಘಮದ ಐಪಿಎಗೆ ದಾರಿ ಮಾಡಿದ್ದು ಅಮೆರಿಕದ ಕ್ಯಾಸ್ಕೇಡ್ ಹಾಪ್ಸ್, ಅದು 1972ರಲ್ಲಿ ಬಿಡುಗಡೆ ಆಯ್ತು, 1980ರಲ್ಲಿ ಶುರುವಾದ ಸಿಯೆರಾ ನೆವಾಡಾದ ಪೇಲ್ ಏಲ್ ಆ ಹಾಪ್ಸ್‌ನ ಜಗತ್ತಿಗೇ ಪರಿಚಯ ಮಾಡಿಸ್ತು. ಆ ಪೇಲ್ ಏಲ್ ಇವತ್ತಿಗೂ ನನ್ನ ಪಟ್ಟಿಯಲ್ಲಿ ಮೇಲೇ ಇದೆ, ಯಾಕಂದ್ರೆ ಹಾಪ್ಸ್ ಜೊತೆ ಮಾಲ್ಟೂ ಕಾಣುತ್ತೆ.

ಈಗಿನ ಮಬ್ಬು ಐಪಿಎ, ಅಂದ್ರೆ ವರ್ಮಾಂಟ್‌ನ ಹೆಡಿ ಟಾಪರ್ ನಂತರ ಎಲ್ಲರೂ ಮಾಡೋಕೆ ಶುರು ಮಾಡಿದ ಆ ಹಣ್ಣಿನ ರಸದ ಥರದ್ದು, ಮೂಗಿಗೆ ಅದ್ಭುತ, ಮಾವು, ಅನಾನಸ್, ಪೀಚ್ ಎಲ್ಲಾ ಬರುತ್ತೆ, ಆದ್ರೆ ಕಹಿ ಇಲ್ಲದ್ದರಿಂದ ಅರ್ಧ ಗ್ಲಾಸಿಗೆ ಬಾಯೆಲ್ಲಾ ಅಂಟಂಟು, ಕೆಲವದ್ರಲ್ಲಿ ಹಾಪ್ಸ್ ಪುಡಿ ಗಂಟಲು ಸುಡುತ್ತೆ. ನಂಗೆ ವೆಸ್ಟ್ ಕೋಸ್ಟ್ ಐಪಿಎನೇ ಬೇಕು, ತಿಳಿಯಾಗಿ, ಒಣಗಿ, ಕಹಿಯಾಗಿ. ಯಾವ್ದೇ ಆಗ್ಲಿ, ಕ್ಯಾನ್ ಮೇಲೆ ತುಂಬಿದ ತಾರೀಖು ನೋಡದೆ ತಗೋಬೇಡಿ. ಮೂರು ತಿಂಗಳು ದಾಟಿದ್ರೆ ಹಾಪ್ಸ್ ಘಮ ಇಳಿದು ಒದ್ದೆ ರಟ್ಟಿನ ರುಚಿ ಬರೋಕೆ ಶುರುವಾಗುತ್ತೆ, ಮಬ್ಬು ಐಪಿಎ ಅಂತೂ ಅದಕ್ಕಿಂತ ಮುಂಚೆನೇ ಹೋಗುತ್ತೆ.

ಗಿನ್ನೆಸ್ ಕಪ್ಪಗಿದೆ, ತುಂಬಾ ಸ್ಟ್ರಾಂಗ್ ಇರಬೇಕಲ್ವಾ?

ಇಲ್ಲ. ಗಿನ್ನೆಸ್ ಡ್ರಾಟ್ 4.2% ಸುತ್ತಮುತ್ತ, ಎಷ್ಟೋ ಲಾಗರ್‌ಗಿಂತ ಕಮ್ಮಿ. ಅದು ಸ್ಟೌಟ್, ಅಂದ್ರೆ ಕಪ್ಪು ಏಲ್, ಕಪ್ಪು ಬಣ್ಣ ಹುರಿದ ಬಾರ್ಲಿಯಿಂದ, ಕ್ರೀಮ್ ಥರದ ನೊರೆ ನೈಟ್ರೋಜನ್‌ನಿಂದ. ನೈಟ್ರೋಜನ್ ಗುಳ್ಳೆ ಸಣ್ಣದು, ಬಾಯಿಗೆ ಚುಚ್ಚಲ್ಲ, ಅದಕ್ಕೇ ನುಣುಪು. ರುಚಿ ವಿಷಯಕ್ಕೆ ಬಂದ್ರೆ ಡ್ರಾಟ್ ನಂಗೆ ನೊರೆ ದಾಟಿದ್ಮೇಲೆ ನೀರು ನೀರು ಅನ್ಸುತ್ತೆ. ಅದೇ ಬ್ರೂವರಿಯ ಫಾರಿನ್ ಎಕ್ಸ್ಟ್ರಾ ಸ್ಟೌಟ್, 7.5%, ಕಾಫಿ ಡಿಕಾಕ್ಷನ್ ಕಹಿ, ಸಣ್ಣ ಹುಳಿ, ಕೊನೆಗೆ ಕಾಕಂಬಿ. ಸ್ಟೌಟ್ ಅಂದ್ರೆ ಅದು.

ರಿಯಲ್ ಏಲ್ ಬೆಚ್ಚಗೆ, ಗ್ಯಾಸಿಲ್ಲದೆ ಇರುತ್ತಂತೆ, ಅದನ್ನ ಹೇಗೆ ಕುಡೀತಾರೆ?

ರಿಯಲ್ ಏಲ್ ಅಂದ್ರೆ ಮೊದ್ಲು ಹೇಳಿದ ಕ್ಯಾಸ್ಕ್ ಬಿಟರ್ ಥರದ ಪೀಪಾಯಿ ಏಲ್, ಅದು ಬೆಚ್ಚಗೂ ಇರಲ್ಲ, ಗ್ಯಾಸ್ ಇಲ್ಲದೇನೂ ಇರಲ್ಲ. ಸರಿಯಾಗಿ ಇಟ್ಟಿದ್ರೆ 11ರಿಂದ 13 ಡಿಗ್ರಿ, ನೆಲಮಾಳಿಗೆಯ ತಂಪು. ಗ್ಯಾಸ್ ಸಣ್ಣಗೆ ಇರುತ್ತೆ, ಯಾಕಂದ್ರೆ ಬಿಯರ್ ಪೀಪಾಯಿ ಒಳಗೇ ಇನ್ನೂ ಹುದುಗ್ತಾ ಇರುತ್ತೆ, ಹೊರಗಿಂದ ಗ್ಯಾಸ್ ಒತ್ತಲ್ಲ, ಕೈಪಂಪಲ್ಲಿ ಮೇಲಕ್ಕೆ ಎಳೀತಾರೆ. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಲ್ಲಿ ಇದು ಹೆಚ್ಚು ಕಮ್ಮಿ ಅಳಿದೇ ಹೋಗೋದ್ರಲ್ಲಿತ್ತು, 1971ರಲ್ಲಿ ಹುಟ್ಟಿದ ಕ್ಯಾಮ್ರಾ ಅನ್ನೋ ಗ್ರಾಹಕರ ಸಂಘಟನೆ ಹೋರಾಡಿ ಉಳಿಸ್ತು, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿನೇ.

ಗ್ಯಾಸ್ ಕಮ್ಮಿ ಇರೋದೇ ಇದರ ಲಾಭ. ನಾಲಿಗೆ ಮೇಲೆ ಗುಳ್ಳೆಗಳ ಗಲಾಟೆ ಇಲ್ಲದೆ ಮಾಲ್ಟಿನ ಬಿಸ್ಕತ್ತು ರುಚಿ, ಇಂಗ್ಲಿಷ್ ಹಾಪ್ಸಿನ ಮಣ್ಣು ಮತ್ತೆ ಮಾರ್ಮಲೇಡ್ ರುಚಿ ಪೂರ್ತಿ ಗೊತ್ತಾಗುತ್ತೆ, ಅದೂ 4% ಆಸುಪಾಸಿನ ಬಿಯರ್‌ನಲ್ಲಿ. ಯಾರ್ಕ್‌ಶೈರ್‌ನ ಟಿಮೊಥಿ ಟೇಲರ್ಸ್ ಲ್ಯಾಂಡ್‌ಲಾರ್ಡ್, 4.3%, ಇದಕ್ಕೆ ಬೆಸ್ಟ್ ಉದಾಹರಣೆ. ಫುಲ್ಲರ್ಸ್ ಲಂಡನ್ ಪ್ರೈಡ್ ಇನ್ನೂ ಸ್ವಲ್ಪ ಸಿಹಿ. ಒಂದೇ ತೊಂದರೆ, ಪೀಪಾಯಿ ಒಳಗೆ ಗಾಳಿ ಹೋಗೋದ್ರಿಂದ ತೆಗೆದ ಮೂರು ನಾಲ್ಕು ದಿನದಲ್ಲಿ ಖಾಲಿ ಆಗ್ಬೇಕು, ಆಮೇಲೆ ವಿನೆಗರ್ ಕಡೆ ತಿರುಗುತ್ತೆ. ಬಾಟ್ಲಿಲಿ ಕುಡಿದು ಇಷ್ಟೇನಾ ಅಂತ ತೀರ್ಮಾನ ಮಾಡ್ಬೇಡಿ, ಬಾಟ್ಲಿದು ಬೇರೆನೇ ಬಿಯರ್ ಥರ ಇರುತ್ತೆ.

ಎಷ್ಟು ತಣ್ಣಗೆ ಕುಡಿಬೇಕು?

ಈಗ ಕುಡೀತಿರೋದಕ್ಕಿಂತ ಸ್ವಲ್ಪ ಕಮ್ಮಿ ತಣ್ಣಗೆ. ತೀರಾ ತಣ್ಣಗಿದ್ರೆ ಘಮ ಮೇಲೇಳಲ್ಲ, ನಾಲಿಗೆನೂ ಜೋಮು ಹಿಡಿಯುತ್ತೆ, ಬರೀ ಗ್ಯಾಸ್ ಮತ್ತೆ ಕಹಿ ಉಳಿಯುತ್ತೆ. ಪಿಲ್ಸ್ನರ್‌ಗೆ 6-7 ಡಿಗ್ರಿ, ಗೋಧಿ ಬಿಯರ್‌ಗೂ ಹೆಚ್ಚು ಕಮ್ಮಿ ಅಷ್ಟೇ, ಪೇಲ್ ಏಲ್ ಐಪಿಎಗೆ 8ರಿಂದ 10, ರೋಶ್‌ಫೋರ್ ಥರದ ಕಡು ಏಲ್‌ಗೆ 12-14. ಫ್ರೀಜರಲ್ಲಿಟ್ಟ ಗ್ಲಾಸ್ ಬೇಡವೇ ಬೇಡ.

ಹಸಿರು ಬಾಟ್ಲಿ ಬಿಯರ್ ಕೆಲವೊಮ್ಮೆ ಯಾಕೆ ಕೆಟ್ಟ ವಾಸನೆ ಬರುತ್ತೆ?

ಬೆಳಕಿಂದ. ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕ ಇರೋ ಒಂದು ವಸ್ತು ಹುಟ್ಟುತ್ತೆ, ಸ್ಕಂಕ್ ಅನ್ನೋ ಪ್ರಾಣಿ ಬಿಡೋ ವಾಸನೆಗೆ ಅದು ತುಂಬಾ ಹತ್ತಿರ, ಎಷ್ಟು ಕಮ್ಮಿ ಇದ್ರೂ ಮೂಗು ಹಿಡಿಯುತ್ತೆ. ಬಿಳಿ ಬಾಟ್ಲಿ, ಹಸಿರು ಬಾಟ್ಲಿ ಬೆಳಕನ್ನ ತಡೆಯಲ್ಲ, ಕಂದು ಬಾಟ್ಲಿ ಬಹುಪಾಲು ತಡೆಯುತ್ತೆ, ಕ್ಯಾನ್ ಪೂರ್ತಿ ತಡೆಯುತ್ತೆ. ಬಿಸಿಲಲ್ಲಿ ಇಟ್ರೆ ಕೆಲವೇ ನಿಮಿಷ ಸಾಕು. ಅದಕ್ಕೇ ಒಂದೇ ಲಾಗರ್ ಕ್ಯಾನಲ್ಲೂ ಹಸಿರು ಬಾಟ್ಲಿಲೂ ಇದ್ರೆ ಕಣ್ಮುಚ್ಚಿ ಕ್ಯಾನ್ ತಗೊಳ್ಳಿ.

ಹುಳಿ ಬಿಯರ್ ಅಂದ್ರೆ ಕೆಟ್ಟೋಗಿರೋದಾ?

ಬೇಕಂತಲೇ ಹುಳಿ ಮಾಡಿರ್ತಾರೆ, ಮತ್ತೆ ಅದು ಸುಲಭದ ಕೆಲಸ ಅಲ್ಲ. ಬ್ರಸೆಲ್ಸ್ ಸುತ್ತಮುತ್ತಲಿನ ಲಾಂಬಿಕ್‌ಗೆ ಯಾರೂ ಯೀಸ್ಟ್ ಹಾಕಲ್ಲ. ಕುದಿಸಿದ ರಸವನ್ನ ರಾತ್ರಿಯಿಡೀ ಅಗಲ ತಟ್ಟೆಯಂಥ ತೊಟ್ಟಿಯಲ್ಲಿ ತೆರೆದಿಡ್ತಾರೆ, ಗಾಳಿಲಿರೋ ಯೀಸ್ಟು ಬ್ಯಾಕ್ಟೀರಿಯಾ ತಾವೇ ಬಂದು ಸೇರ್ತಾವೆ, ಆಮೇಲೆ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ. ಒಂದು, ಎರಡು, ಮೂರು ವರ್ಷದ ಲಾಂಬಿಕ್‌ಗಳನ್ನ ಬೆರೆಸಿ ಬಾಟ್ಲಿಗೆ ತುಂಬಿದ್ರೆ ಗ್ಯೂಝ್. ಗ್ಯೂಝ್ ಮಾಡೋರಲ್ಲಿ ಕ್ಯಾಂಟಿಲಾನ್‌ದು ತುಂಬಾ ಚೂಪು, ನಿಂಬೆ, ಹಸಿ ಸೇಬು, ಹಳೇ ಮರ. ಬೂನ್ ಮೆತ್ತಗೆ, ಮೊದಲ ಸಲಕ್ಕೆ ಬೂನ್ ಒಳ್ಳೇದು. ಚೆರ್ರಿ ಹಾಕಿದ ಕ್ರೀಕ್‌ನಲ್ಲಿ ಸಕ್ಕರೆ ಸೇರಿಸಿ ಸಿಹಿ ಮಾಡಿದ್ದು ಬೇಡ, ಅದು ಶರಬತ್ತು.

ಫ್ಲಾಂಡರ್ಸ್‌ನ ರೊಡೆನ್‌ಬಾಕ್ ಗ್ರಾಂಡ್ ಕ್ರೂ ಬೇರೆ ದಾರಿ. ಮೂರರಲ್ಲಿ ಎರಡು ಪಾಲು ಓಕ್ ಮರದ ದೊಡ್ಡ ತೊಟ್ಟಿಗಳಲ್ಲಿ ಎರಡು ವರ್ಷ ಇದ್ದ ಬಿಯರ್, ಉಳಿದದ್ದು ಹೊಸದು. ಚೆರ್ರಿ ಹಾಕದೇನೇ ಚೆರ್ರಿ ರುಚಿ ಬರುತ್ತೆ. ಬಿಯರ್ ಅಂದ್ರೇನೇ ಇಷ್ಟ ಇಲ್ಲ, ವೈನ್ ಮಾತ್ರ ಅನ್ನೋರಿಗೆ ನಾನು ಕೊಡೋದು ಇದನ್ನೇ.

ಹೊಗೆ ಬಿಯರ್ ಕುಡಿದಿದೀರಾ?

ಹೂಂ, ಜರ್ಮನಿಯ ಬಾಂಬರ್ಗ್‌ನ ಶ್ಲೆಂಕರ್ಲಾ. ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟ್. ಮೊದಲ ಗ್ಲಾಸ್‌ನಲ್ಲಿ ಹೊಗೆ ಬಿಟ್ಟು ಬೇರೇನೂ ಕಾಣಲ್ಲ, ಎರಡನೇದ್ರಲ್ಲಿ ಹೊಗೆ ಹಿಂದೆ ಇರೋ ಒಳ್ಳೇ ಕಂದು ಲಾಗರ್ ಕಾಣುತ್ತೆ. ಒಂದೇ ಗುಟುಕಿಗೆ ಪಕ್ಕಕ್ಕಿಡಬೇಡಿ.

ಅಕ್ಕಿ, ಜೋಳ ಹಾಕಿದ್ರೆ ಅದು ಬಿಯರ್ರೇ ಅಲ್ಲ ಅಂತಾರಲ್ಲ?

1516ರ ಬವೇರಿಯಾ ಕಾನೂನು ಬಾರ್ಲಿ, ಹಾಪ್ಸ್, ನೀರು ಇಷ್ಟೇ ಅಂದಿತ್ತು, ಯೀಸ್ಟ್ ಹೆಸರು ಕೂಡ ಅದ್ರಲ್ಲಿರಲಿಲ್ಲ. ಆ ಕಾನೂನಿನ ಪ್ರಕಾರ ಹೋದ್ರೆ ಸಕ್ಕರೆ ಹಾಕೋ ವೆಸ್ಟ್‌ಮಾಲ್ ಟ್ರಿಪೆಲ್ಲೂ ಬಿಯರ್ ಅಲ್ಲ, ಮೊಳಕೆ ಬರಿಸದ ಗೋಧಿ ಹಾಕೋ ಲಾಂಬಿಕ್ಕೂ ಅಲ್ಲ, ಇದನ್ನ ನಾನು ಒಪ್ಪೋಕಾಗಲ್ಲ. ಅಕ್ಕಿ ಜೋಳ ಹಾಕಿದ್ರೆ ಬಿಯರ್ ತೆಳು ಆಗುತ್ತೆ, ಅದು ನಿಜ, ಹಂಗೆ ತೆಳು ಮಾಡಿದ್ಮೇಲೆ ಹಾಪ್ಸ್ ಕೂಡ ಕಮ್ಮಿ ಹಾಕಿದ್ರೆ ಕೊನೆಗೆ ಏನೂ ಉಳಿಯಲ್ಲ. ನನ್ನ ತಕರಾರು ಅಲ್ಲಿಗೆ ಮಾತ್ರ.

ಆಲ್ಕೋಹಾಲ್ ಜಾಸ್ತಿ ಇದ್ರೆ ರುಚಿನೂ ಜಾಸ್ತಿನಾ?

ಅಲ್ಲ. 4% ಬಿಟರ್‌ನಲ್ಲಿ ಇಷ್ಟು ರುಚಿ ತುಂಬೋದೇ ಬ್ರೂವರ್‌ನ ನಿಜವಾದ ಕೈಚಳಕ.

ಆಲ್ಕೋಹಾಲ್ ಇಲ್ಲದ ಬಿಯರ್‌ನಲ್ಲಿ ರುಚಿಯಾದ್ದು ಇದ್ಯಾ?

ಇದೆ, ಗೋಧಿ ಬಿಯರ್‌ಗಳ ಕಡೆ ಹೋಗಿ. ಆಲ್ಕೋಹಾಲ್ ತೆಗೆದಾಗ ಬಿಯರ್‌ನ ಮೈಯೇ ಹೋಗಿ ನೀರಾಗಿ ಬಿಡುತ್ತೆ, ಇಲ್ಲಾ ಹುದುಗು ಅರ್ಧಕ್ಕೆ ನಿಲ್ಸಿದ್ರೆ ಹಸಿ ಮಾಲ್ಟಿನ ಸಿಹಿ ಹಾಗೇ ಉಳಿಯುತ್ತೆ. ಗೋಧಿಯ ಪ್ರೋಟೀನ್ ಮೈ ಕೊಡೋದ್ರಿಂದ ಆ ಕೊರತೆ ಕಮ್ಮಿ ಗೊತ್ತಾಗುತ್ತೆ. ಎರ್ಡಿಂಗರ್ ಚೆನ್ನಾಗಿದೆ. ಹಾಪ್ಸ್ ಜೋರಾಗಿ ಹಾಕಿದ ಆಲ್ಕೋಹಾಲ್ ಇಲ್ಲದ ಪೇಲ್ ಏಲ್‌ಗಳೂ ಈಗೀಗ ಚೆನ್ನಾಗಿ ಬರ್ತಿವೆ.

ಗ್ಲಾಸ್ ಮುಖ್ಯಾನಾ?

ಆಕಾರಕ್ಕಿಂತ ಕ್ಲೀನಾಗಿರೋದು ಮುಖ್ಯ. ಬಿಯರ್ ಹಾಕಿದಾಗ ಗೋಡೆಗೆ ಗುಳ್ಳೆ ಗುಂಪಾಗಿ ಅಂಟ್ಕೊಂಡಿದ್ರೆ ಅಲ್ಲಿ ಜಿಡ್ಡಿದೆ ಅಂತ ಅರ್ಥ, ಜಿಡ್ಡು ನೊರೆನ ಕೊಲ್ಲುತ್ತೆ. ಸೋಪು ಹೋಗೋ ತನಕ ತೊಳೀರಿ, ಬಟ್ಟೆಲಿ ಒರೆಸಬೇಡಿ, ಬೋರಲು ಹಾಕಿ ಗಾಳಿಗೆ ಒಣಗಿಸಿ. ಬಾಟ್ಲಿಯಿಂದ ನೇರವಾಗಿ ಕುಡಿದ್ರೆ ಮೂಗಿಗೆ ಏನೂ ಸಿಗಲ್ಲ.

ನನ್ನ ನಾಲಿಗೆಗೆ ಯಾವ್ದು ಬೆಸ್ಟ್ ಅಂತ ಕಂಡುಹಿಡಿಯೋದು ಹೇಗೆ?

ಎರಡೆರಡು ಅಕ್ಕಪಕ್ಕ ಇಟ್ಟು ಕುಡೀರಿ. ಒಂದೇ ಒಂದು ಕುಡಿದ್ರೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋದು ಬಿಟ್ಟು ಬೇರೇನೂ ಹೇಳೋಕೆ ಬರಲ್ಲ, ಪಕ್ಕದಲ್ಲಿ ಇನ್ನೊಂದಿದ್ರೆ ತಾನಾಗೇ ಇದು ಒಣಗಿದೆ ಅದು ಸಿಹಿ ಅಂತ ಬಾಯಿಗೆ ಮಾತು ಬರುತ್ತೆ. ಮೊದ್ಲು ಪಿಲ್ಸ್ನರ್ ಉರ್ಕ್ವೆಲ್ ಪಕ್ಕ ಬುಡ್ವಾರ್, ಇನ್ನೊಂದಿನ ವೈಹೆನ್‌ಶ್ಟೆಫಾನರ್ ಪಕ್ಕ ಶ್ನೈಡರ್, ಆಮೇಲೆ ರೋಶ್‌ಫೋರ್ 8ರ ಪಕ್ಕ ವೆಸ್ಟ್‌ಮಾಲ್ ಟ್ರಿಪೆಲ್. ಒಂದೇ ದಿನ ಎಲ್ಲಾ ತೆಗೀಬೇಡಿ, ಸಣ್ಣ ಗ್ಲಾಸ್‌ನಲ್ಲಿ ಸ್ವಲ್ಪ ಸ್ವಲ್ಪ ಹಾಕ್ಕೊಳ್ಳಿ, ತೆಳುವಿನಿಂದ ಕಡುವಿಗೆ ಹೋಗಿ, ಐಪಿಎ ಮತ್ತೆ ಹುಳಿ ಬಿಯರ್ ಕೊನೆಗಿರ್ಲಿ, ಅವುಗಳ ನಂತರ ನಾಲಿಗೆಗೆ ಬೇರೆ ಯಾವ್ದೂ ತಿಳಿಯಲ್ಲ. ಬ್ರ್ಯಾಂಡ್ ಹೆಸರು ತಲೇಲಿ ಕೂತಿದೆ ಅನ್ಸಿದ್ರೆ ಬೇರೆಯವರ ಕೈಲಿ ಮೂರು ಗ್ಲಾಸ್ ಹಾಕ್ಸಿ, ಎರಡರಲ್ಲಿ ಒಂದೇ ಬಿಯರ್, ಮೂರನೇದ್ರಲ್ಲಿ ಬೇರೆ, ಯಾವ್ದು ಬೇರೆ ಅಂತ ನೀವು ಹೇಳ್ಬೇಕು, ಬ್ರೂವರಿಗಳಲ್ಲೂ ಪರೀಕ್ಷೆ ಮಾಡೋದು ಹೀಗೇನೇ. ಓರ್ವಾಲ್‌ಗೆ ಮಾತ್ರ ಜೋಡಿ ಅಂದ್ರೆ ಇನ್ನೊಂದು ಓರ್ವಾಲ್ಲೇ, ಒಂದು ಹೊಸದು, ಒಂದು ಆರೇಳು ತಿಂಗಳ ಹಳೇದು.